ಹದಿಮೂರನೆಯ ಮಣೆ

ಹಳದಿ ಪಟ್ಟಿ ಮತ್ತೆ ಅದೇ ಸಾಲಿನ ಮೇಲೆ ಬಂದು ನಿಂತಿತು. ಕಂಪ್ಯೂಟರ್ ಪರದೆಯ ನಡುವೆ ಬೂದು ಬಣ್ಣದ ಸಣ್ಣ ಪೆಟ್ಟಿಗೆಯೊಂದು ತೆರೆದುಕೊಂಡು, ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಿತು: 'ಸಬ್‌ಸ್ಕ್ರಿಪ್ಟ್ ಔಟ್ ಆಫ್ ರೇಂಜ್.' ಗೋಪಾಲ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಹಾಕಿಕೊಂಡ. ಕನ್ನಡಕ ಸ್ವಚ್ಛವಾಯಿತೇ ಹೊರತು ಪೆಟ್ಟಿಗೆಯ ಮಾತು ಬದಲಾಗಲಿಲ್ಲ.

ಸಂಜೆ ಐದೂವರೆ ದಾಟಿತ್ತು. ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ, ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಈಗ ಅವನೊಬ್ಬನೇ. ಹಗಲು ಕೆಲಸದವರು ಸೈಕಲ್ಲು ಹತ್ತಿ ಆದಿತ್ಯನಗರದ ಕ್ವಾರ್ಟರ್ಸಿನ ಕಡೆ ಹೊರಟುಹೋಗಿದ್ದರು. ಕಿಟಕಿಯ ಗಾಜಿನ ಮೇಲೆ ಎಂದಿನ ಬಿಳಿ ಧೂಳು. ಮೇಜಿನ ಒಂದು ಕಡೆ ಹೊಸ ಪಂಚಾಂಗ, ಇನ್ನೊಂದು ಕಡೆ ಖಾಲಿ ಪೋಸ್ಟ್‌ಕಾರ್ಡುಗಳ ಕಟ್ಟು. ಕೆಲಸ ಮುಗಿದ ಮೇಲೆ ಒಂದೂವರೆ ತಾಸು ಕಂಪ್ಯೂಟರು ಬಳಸಿಕೊಳ್ಳಲು ಸಾಹೇಬರು ಅನುಮತಿ ಕೊಟ್ಟಿದ್ದರು. ಯುಗಾದಿಗೆ ಉಳಿದಿದ್ದು ಒಂಬತ್ತೇ ದಿನ. ಅಷ್ಟರಲ್ಲಿ ಕಾರ್ಡುಗಳು ಮನೆಮನೆ ಮುಟ್ಟಬೇಕು.

ಈ ಕಾರ್ಡುಗಳ ಕಥೆ ಗೋಪಾಲನ ಸೋದರಮಾವ ವಿಠ್ಠಲಾಚಾರ್ಯರಿಂದ ಶುರುವಾದದ್ದು. ಸೇಡಮ್ಮಿನ ಆಚಾರ್ಯರು ನಲವತ್ತು ವರ್ಷ ಇದನ್ನೊಂದು ವ್ರತದಂತೆ ನಡೆಸಿಕೊಂಡು ಬಂದವರು. ಹೊಸ ಪಂಚಾಂಗ ಕೈಗೆ ಬಂದ ದಿನವೇ ಸ್ನಾನ ಮಾಡಿ, ಗೋಪೀಚಂದನ ಹಚ್ಚಿಕೊಂಡು, ವ್ಯಾಸಪೀಠದ ಮುಂದೆ ಕೂತರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಿನ ಮುನ್ನೂರ ಹನ್ನೆರಡು ಮನೆಗಳಿಗೆ ಒಂದೊಂದು ಕಾರ್ಡು ಬರೆದೇ ಏಳುತ್ತಿದ್ದರು. ಮೇಲ್ತುದಿಯಲ್ಲಿ 'ಶ್ರೀಃ'. ಕೆಳಗೆ ಎರಡೇ ಸಾಲು: ನಿಮ್ಮ ತಂದೆಯವರ ಶ್ರಾದ್ಧ ಈ ವರ್ಷ ಇಂಥ ತಾರೀಕು, ಇಂಥ ವಾರ.

ತಿಥಿ ಚಂದ್ರನ ಜೊತೆ ನಡೆಯುತ್ತದೆ. ರಜೆಯ ಅರ್ಜಿ ಮಾತ್ರ ಇಂಗ್ಲಿಷ್ ತಾರೀಕಿನ ಜೊತೆ ನಡೆಯುತ್ತದೆ. ವಾಡಿಯ ರೈಲ್ವೆ ಗಾರ್ಡಿಗಾಗಲಿ, ಶಹಾಬಾದಿನ ಮಾಸ್ತರರಿಗಾಗಲಿ, ಕುಂಚಾವರಂ ಕಾಡಿನ ಅಂಚಿಗೆ ಕೆಲಸದ ಮೇಲೆ ಹೋಗಿ ಕೂತವರಿಗಾಗಲಿ ಪಂಚಾಂಗ ಬಿಡಿಸಿ ನೋಡುವ ಪುರಸೊತ್ತೂ ಇರಲಿಲ್ಲ, ಅಭ್ಯಾಸವೂ ತಪ್ಪಿತ್ತು. ಅವರ ಪಾಲಿಗೆ ಆಚಾರ್ಯರ ಕಾರ್ಡೇ ಪಂಚಾಂಗ. ಕಾರ್ಡಿನಲ್ಲಿ ಇದ್ದ ದಿನ ಮನೆಯಲ್ಲಿ ಶ್ರಾದ್ಧದ ಎಲೆ ಬೀಳುತ್ತಿತ್ತು.

"ಆ ದಿನ ಹಿರಿಯಾರು ಬಾಗಲಕ್ಕ ಬರ್ತಾರಪಾ ಗೋಪಾಲ," ಎನ್ನುತ್ತಿದ್ದರು ಆಚಾರ್ಯರು. "ಎಲಿ ಹಾಕಿರಲಿಲ್ಲಂದ್ರ ಹಾಂಗs ಹೊಳ್ಳಿ ಹೋಗ್ತಾರ. ಮಾಡೋದು ಬಿಡೋದು ಆ ಮನಿಯವರದು. ತಪ್ಪದs ತಿಳಸೋದು ನಂದು."

ಎರಡು ವರ್ಷದ ಕೆಳಗೆ ಆಚಾರ್ಯರ ಕೈ ನಡುಗಲು ಶುರುವಾಯಿತು. ಮೊದಮೊದಲು ಅಕ್ಷರದ ಕೊಂಬು ಅಲುಗಾಡಿತು. ಆಮೇಲೆ ಅಂಕಿಗಳು ಒಂದರ ಮೇಲೊಂದು ಬೀಳತೊಡಗಿದವು. ಒಂದು ದಿನ ಕೆಂಪು ಬಟ್ಟೆಯಲ್ಲಿ ಸುತ್ತಿದ ನಾಲ್ಕು ದಪ್ಪ ಪುಸ್ತಕಗಳನ್ನು ಗೋಪಾಲನ ತೊಡೆಯ ಮೇಲಿಟ್ಟರು. ಗೋಪಾಲ ಅಷ್ಟೂ ಹೆಸರು, ಗೋತ್ರ, ಮಾಸ, ಪಕ್ಷ, ತಿಥಿಗಳನ್ನು ಮೂರು ತಿಂಗಳು ಕೂತು ಕಂಪ್ಯೂಟರಿನ ಎಕ್ಸೆಲ್ ಹಾಳೆಯೊಳಗೆ ತುಂಬಿದ. ದಪ್ಪ ಪುಸ್ತಕವೊಂದನ್ನು ತರಿಸಿಕೊಂಡು ಮ್ಯಾಕ್ರೊ ಬರೆಯುವುದನ್ನು ತಾನೇ ಕಲಿತ. ಮ್ಯಾಕ್ರೊ ಅಂದರೆ, ಯಂತ್ರಕ್ಕೆ ಒಮ್ಮೆ ಸಾಲು ಸಾಲಾಗಿ ಹೇಳಿಕೊಟ್ಟರೆ ಅದು ತಾನೇ ಒಂದೊಂದು ಮನೆಯ ತಿಥಿಯನ್ನು ಆ ವರ್ಷದ ಪಂಚಾಂಗದಲ್ಲಿ ಹುಡುಕಿ, ತಾರೀಕು ಹಾಕಿ, ಕಾರ್ಡು ಅಚ್ಚು ಮಾಡಿಕೊಡುವ ವಿದ್ಯೆ. ಹೋದ ವರ್ಷ ಅದು ಚೆನ್ನಾಗಿಯೇ ನಡೆದಿತ್ತು. "ನಿನ್ನ ಯಂತ್ರಕ್ಕ ಮಡಿ-ಮೈಲಿಗಿ ಏನರ ಅದs ಇಲ್ಲೋ?" ಎಂದು ಆಚಾರ್ಯರು ನಕ್ಕಿದ್ದರು.

ಈ ವರ್ಷ ಅದು ಹೆಜ್ಜೆ ಹೆಜ್ಜೆಗೂ ಎಡವುತ್ತಿತ್ತು. ಸೋಮವಾರ ಒಂದು ತಿಥಿ ಕ್ಷಯವಾದ ಕಡೆ ಚೌಕ ಖಾಲಿ ಬಿಟ್ಟಿದ್ದಕ್ಕೆ ನಿಂತಿತ್ತು. ಅದನ್ನು ಸರಿಮಾಡಿದರೆ ಬುಧವಾರದಿಂದ ಈ ಹಳದಿ ಪಟ್ಟಿ. ಪುಸ್ತಕದ ಪುಟ ತಿರುವಿ ತಿರುವಿ ಗೋಪಾಲನ ಹೆಬ್ಬೆರಳು ಕಪ್ಪಾಗಿತ್ತು.

"ಏನ್ರಿ ರಾಯರೆ, ಇನ್ನಾ ಹಿರಿಯಾರ ಜೋಡಿನs ಕುಂತೀರೇನು?"

ಬಾಗಿಲಲ್ಲಿ ಪ್ರಮಿತಾ ನಿಂತಿದ್ದಳು. ಕಾರ್ಖಾನೆಯ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುವವಳು. ಶಹಾಬಾದಿನ ಮನೆಗೆ ಹೋಗುವ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿದ್ದಾಗ ಹೀಗೆ ಒಮ್ಮೊಮ್ಮೆ ಇಣುಕುತ್ತಿದ್ದಳು.

"ನೋಡವಾ, ಮೂರು ದಿನ ಆತು. ಹೊಸ್ತಲಾ ದಾಟವಲ್ದು," ಎಂದ ಗೋಪಾಲ.

ಪ್ರಮಿತಾ ಬಗ್ಗಿ ಪರದೆ ನೋಡಿದಳು. ಹಳದಿ ಸಾಲಿನ ಮೇಲೆ ಬೆರಳಿಟ್ಟು, ಮೇಲಿನ ಸಾಲುಗಳನ್ನೂ ಓದಿ ನಕ್ಕಳು. "ರಾಯರೆ, ನೀವು ಶುರುವಿನ್ಯಾಗ ಏನು ಹೇಳೀರಿ ಇದಕ್ಕ? ತಿಂಗಳು ಹನ್ನೆರಡು ಅಂತ ಹೇಳೀರಿ. ಅಂದ್ರ ಕುಂದರಲಿಕ್ಕೆ ಹನ್ನೆರಡು ಮಣಿ ಹಾಕೀರಿ. ಪಂಚಾಂಗದ ಹಾಳಿಯೊಳಗ ಹದಿಮೂರು ಮಂದೀನ ಕರಕೊಂಡು ಬಂದೀರಿ. ಹದಿಮೂರನೇದವ ಎಲ್ಲಿ ಕುಂದರಬೇಕ್ರಿ? ಅದಕ್ಕ ಬಾಗಲದಾಗ ನಿಂತು ಕೇಳಾಕತ್ತದ."

ಗೋಪಾಲ ಹಣೆ ಚಚ್ಚಿಕೊಂಡ. ಈ ವರ್ಷ ಅಧಿಕ ಶ್ರಾವಣ! ನಿಜ ಶ್ರಾವಣಕ್ಕೆ ಮೊದಲು ಇನ್ನೊಂದು ಶ್ರಾವಣ. ಪಂಚಾಂಗ ನೋಡಿ ತಾನೇ ಕೈಯಾರೆ ಹದಿಮೂರು ತಿಂಗಳನ್ನು ತುಂಬಿದ್ದ. ಅಧಿಕ ಮಾಸದಲ್ಲಿ ಮೂವತ್ತಮೂರು ಹೋಳಿಗೆ ಯಾರಿಗೆ ದಾನ ಕೊಡಬೇಕೆಂದು ಹೆಂಡತಿಯ ಜೊತೆ ಮಾತಾಡಿಯೂ ಆಗಿತ್ತು. ಯಂತ್ರಕ್ಕೆ ಹೇಳುವುದೊಂದನ್ನು ಮರೆತಿದ್ದ.

"ನೀ ಹುಡುಕಿದ್ದು ಛಲೋ ಆತು ತಾಯಿ," ಎಂದು ಹನ್ನೆರಡನ್ನು ಅಳಿಸಿ ಹದಿಮೂರು ಮಾಡಿದ. ಇನ್ನೊಂದು ಕಡೆಯೂ ಹನ್ನೆರಡು ಇತ್ತು. ಅದನ್ನೂ ಹದಿಮೂರು ಮಾಡಿದ. ಗುಂಡಿ ಒತ್ತಿದ.

ಪೆಟ್ಟಿಗೆ ಬರಲಿಲ್ಲ. ಹಳದಿ ಪಟ್ಟಿಯೂ ಇಲ್ಲ. ಮುನ್ನೂರ ಹನ್ನೆರಡು ಸಾಲುಗಳು ಕಣ್ಣೆದುರೇ ಸರಸರನೆ ತುಂಬಿಕೊಂಡವು. ಪ್ರಮಿತಾ ಚಪ್ಪಾಳೆ ತಟ್ಟಿ ಬಸ್ಸಿಗೆ ಓಡಿದಳು. ಪ್ರಿಂಟರು ಕರಕರ ಎಂದು ಒಂದೊಂದೇ ಕಾರ್ಡನ್ನು ಕಚ್ಚಿ ಎಳೆದು ಹೊರಗೆ ಬಿಡತೊಡಗಿತು. ಮೊದಲನೆಯದರ ಮೂಲೆ ಹರಿಯಿತು. ಮೂಲೆ ಹರಿದ ಕಾರ್ಡು ಅಂದರೆ ಸಾವಿನ ಸುದ್ದಿ. ಅದನ್ನು ಗೋಪಾಲ ಚೂರು ಚೂರು ಮಾಡಿ ಬುಟ್ಟಿಗೆ ಹಾಕಿ, ಇನ್ನೊಂದು ತೆಗೆದ. ಏಳು ಗಂಟೆಯ ಹೊತ್ತಿಗೆ ಕೆಲಸ ಮುಗಿಯಿತು. ಕಾರ್ಡುಗಳ ಕಟ್ಟನ್ನು ಕಣ್ಣಿಗೊತ್ತಿಕೊಂಡು ಅವನು ಮನೆಗೆ ಹೋದ.

ಮರುದಿನ ಶನಿವಾರ, ಅರ್ಧ ದಿನ. ಹತ್ತು ಗಂಟೆಗೆ ಕಾಲೊನಿಯ ಅಂಚೆ ಕಚೇರಿಯ ಕಿಟಕಿಯಲ್ಲಿ ಕಟ್ಟನ್ನು ಕೊಟ್ಟುಬಂದ. ಪೋಸ್ಟ್ ಮಾಸ್ತರ ಅಬ್ದುಲ್ ಗನಿ ತಲೆಯೆತ್ತದೆ, "ಬಂದ್ವೇನ್ರಿ ಆಚಾರ್ರ ಕಾರ್ಡು," ಎಂದಷ್ಟೇ ಹೇಳಿ ಒಳಗೆ ಎಳೆದುಕೊಂಡ. ಒಂದು ಕಾರ್ಡನ್ನು ಮಾತ್ರ ಗೋಪಾಲ ಕಿಸೆಯಲ್ಲಿ ಉಳಿಸಿಕೊಂಡಿದ್ದ. ಅದು ಆಚಾರ್ಯರದ್ದೇ. ಕೈಯಾರೆ ಕೊಟ್ಟು ನಮಸ್ಕಾರ ಮಾಡಿಬರೋಣವೆಂದು ಒಂದು ಗಂಟೆಯ ಬಸ್ಸಿಗೆ ಸೇಡಮ್ಮಿಗೆ ಹೊರಟ.

ಆಚಾರ್ಯರ ಮನೆಯಲ್ಲಿ ಆಗತಾನೇ ಊಟವಾಗಿತ್ತು. ಒರೆಸಿದ ಶಹಾಬಾದಿ ಕಲ್ಲಿನ ನೆಲ ಇನ್ನೂ ಹಸಿಯಾಗಿತ್ತು. ಆಚಾರ್ಯರು ಗೋಡೆಗೆ ಒರಗಿ ಕೂತಿದ್ದರು. ಬಲಗೈ ಎಡಗೈಯ ಹಿಡಿತದೊಳಗೆ ಗೂಡಿನ ಹಕ್ಕಿಯಂತೆ ಅದುರುತ್ತಿತ್ತು. ಅವರ ಹೆಂಡತಿ ಜಾನಕೀಬಾಯಿ ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದರು.

ಗೋಪಾಲ ಕಾರ್ಡು ಕೊಟ್ಟ. ಆಚಾರ್ಯರು ಅದನ್ನು ಹಿಂದೆಮುಂದೆ ನೋಡಿದರು. "ಪೋಸ್ಟಿನ ಠಸ್ಸೆ ಇಲ್ಲಲ್ಲೋ ಇದಕ್ಕ?"

"ನಾನs ಕೈಲೆ ತಂದೆ, ಮಾಮಾ."

"ಹಾಂಗ ಮಾಡಬಾರದಪಾ. ನಂದೂ ಎಲ್ಲಾರಂಗ ಪೋಸ್ಟಿನ್ಯಾಗs ಬರಬೇಕು. ಇಷ್ಟು ವರ್ಷ ನನಗ ನಾನs ಬರದು ಡಬ್ಬಿಗಿ ಹಾಕೀನಿ. ನೆನಪು ಮಾಡಿಕೊಡೋವಗೂ ಮರವು ಇರ್ತದ." ಹಾಗೆ ಹೇಳುತ್ತಲೇ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು ಓದಿದರು. ಓದಿ, ಇನ್ನೊಮ್ಮೆ ಓದಿದರು. "ಜಾನಕಿ, ಕೇಳಿದ್ಯಾ? ಅವ್ವಂದು ಅಧಿಕ ಶ್ರಾವಣದಾಗs ಬಂದದ."

ಆಚಾರ್ಯರ ತಾಯಿ ತೀರಿಕೊಂಡದ್ದು ಎಂಬತ್ತೈದನೆಯ ಇಸವಿಯ ಅಧಿಕ ಶ್ರಾವಣದಲ್ಲಿ. ಅಂದಿನಿಂದ ಆ ತಿಂಗಳು ಮತ್ತೆ ಬಂದಿರಲಿಲ್ಲ. ಪ್ರತಿ ವರ್ಷವೂ ಬರಿಯ ಶ್ರಾವಣದಲ್ಲಿ ಎಲೆ ಹಾಕುತ್ತ ಬಂದಿದ್ದರು.

"ಹತ್ತೊಂಬತ್ತು ವರ್ಷದ ಮ್ಯಾಲ ನಮ್ಮವ್ವನ ತಿಂಗಳು ತಾನs ನಡಕೋತ ಬಂತು," ಎಂದು ಆಚಾರ್ಯರು ಕಾರ್ಡನ್ನು ಎದೆಯ ಮೇಲಿಟ್ಟುಕೊಂಡರು. "ಭೇಷ್ ಗೋಪಾಲ. ನಿನ್ನ ಯಂತ್ರಕ್ಕೂ ಅಧಿಕ ಮಾಸ ತಿಳಿತು."

ಗೋಪಾಲನಿಗೆ ಮೈಯೆಲ್ಲ ಹಗುರವಾಯಿತು. ಮೂರು ದಿನದ ದಣಿವು ಆ ಒಂದು ಮಾತಿಗೆ ಇಳಿದುಹೋಯಿತು. ಚೀಲದಿಂದ ಪೂರಾ ಪಟ್ಟಿಯ ಉದ್ದನೆಯ ಹಾಳೆ ತೆಗೆದು ಹಾಸಿದ. ಜಾನಕೀಬಾಯಿ ಬತ್ತಿ ಹೊಸೆಯುತ್ತಲೇ ಕೇಳಿದರು, "ಚಿಂಚೋಳಿಯೊಳಗ ನಮ್ಮ ತಮ್ಮಗ ಯಾವತ್ತು ಬರದದ ನೋಡು. ನಮ್ಮಪ್ಪಂದು, ಪಕ್ಷಮಾಸದ ಪಂಚಮಿ."

ಗೋಪಾಲ ಬೆರಳು ಸರಿಸಿ ಓದಿದ. "ಸೆಪ್ಟೆಂಬರ್ ಮೂರು, ಶುಕ್ರವಾರ."

ಬತ್ತಿ ಹೊಸೆಯುವ ಕೈ ನಿಂತಿತು. "ಗಣಪತಿ ಯಾವತ್ತು?"

"ಗಣಪತಿ..." ಆಚಾರ್ಯರು ಪಂಚಾಂಗ ನೋಡಲೇ ಇಲ್ಲ. "ಸೆಪ್ಟೆಂಬರ್ ಹದಿನೆಂಟು."

"ಮತ್ತ ಗಣಪತಿ ಕುಂದ್ರೋಕಿಂತ ಮೊದಲs ಪಕ್ಷಮಾಸ ಹೆಂಗ ಬಂತು? ಗಣಪತಿ ಹೋಗಬೇಕು, ಅನಂತನ ಹುಣಿವಿ ಆಗಬೇಕು, ಆಮ್ಯಾಲಲ್ಲೇನು ಹಿರಿಯಾರು ಬರೋದು? ನಮ್ಮಪ್ಪಗ ಇಷ್ಟು ಅವಸರ ಯಾಕ ಬಿದ್ದದ?"

ಅವರು ನಗೆಯ ದನಿಯಲ್ಲೇ ಹೇಳಿದ್ದರು. ಗೋಪಾಲ ಇನ್ನೊಂದು ಸಾಲು ನೋಡಿದ. ಕಾರ್ತಿಕದ ಮನೆ ಆಶ್ವಿನದಲ್ಲಿ ಬಂದಿತ್ತು. ಮಾಘದ ಮನೆ ಪುಷ್ಯದಲ್ಲಿ. ಪ್ರಮಿತಾ ಹೇಳಿದ ಮಣೆಗಳ ಲೆಕ್ಕವನ್ನೂ, ಹನ್ನೆರಡನ್ನು ಹದಿಮೂರು ಮಾಡಿದ್ದನ್ನೂ ಅವನು ಮಾವನಿಗೆ ಹೇಳಿದ.

ಆಚಾರ್ಯರು ಸಮಾಧಾನದಿಂದಲೇ ಬಿಡಿಸಿ ಹೇಳಿದರು. "ನೀ ಒಂದು ಮಣಿ ಹೆಚ್ಚಿಗಿ ಹಾಕಿದಿ, ಖರೆ. ಆ ಹೊಸಬ ಕಡೀಕ ಕುಂದರಲಿಲ್ಲಪಾ. ಆಷಾಢ ಆದ ಮ್ಯಾಲ, ನಡುವ ಐದನೇ ಮಣಿಮ್ಯಾಲ ಬಂದು ಕುಂತ. ಅವನ ಹಿಂದಿನವರೆಲ್ಲಾ ಒಂದೊಂದು ಮಣಿ ಹಿಂದಕ್ಕ ಸರದಾರ. ನೀ ಮಾತ್ರ ತಿಂಗಳಿಗೆ ಹೋದ ವರ್ಷದ ಅಂಕಿ ಹಿಡಕೊಂಡು ಎಲಿ ಬಡಸೀದಿ. ಒಬ್ಬರ ಎಲಿ ಇನ್ನೊಬ್ಬರ ಮುಂದ."

"ಮತ್ತ ಅಜ್ಜೀದು?"

"ಅವ್ವ ಐದನೇ ಮಣಿಯಾಕೀನs. ಅದಕ್ಕ ಆಕೀದು ಸರಿ ಬಂತು. ಉಳದ ಶ್ರಾವಣದವರು ನಿಜ ಶ್ರಾವಣಕ್ಕ ಹೋಗಬೇಕು."

ಶ್ರಾವಣದಿಂದ ಮುಂದಿನವುಗಳಲ್ಲಿ ಸರಿಯಿದ್ದ ಒಂದು ಕಾರ್ಡನ್ನೇ ತಾನು ಆರಿಸಿ ತಂದಿದ್ದೆ, ಎಂದುಕೊಂಡ ಗೋಪಾಲ. ಶ್ರಾವಣದಿಂದ ಫಾಲ್ಗುಣದವರೆಗೆ ಎಣಿಸಿದರೆ ಹತ್ತಿರ ಹತ್ತಿರ ಇನ್ನೂರು ಮನೆ. ಇನ್ನೂರು ಮನೆಯವರು ನಂಬಿಕೆಯಿಂದ ರಜೆ ಹಾಕುತ್ತಾರೆ, ಬ್ರಾಹ್ಮಣರಿಗೆ ಹೇಳುತ್ತಾರೆ, ಎಲೆ ಬಡಿಸುತ್ತಾರೆ. ಯಾರೂ ಬರದ ದಿನ ಬಡಿಸುತ್ತಾರೆ. ಒಂದು ತಿಂಗಳ ಮೇಲೆ, ಬರುವವರು ಬರುವ ದಿನ, ಬಾಗಿಲು ಹಾಕಿರುತ್ತದೆ. ನಲವತ್ತು ವರ್ಷದಲ್ಲಿ ಒಂದೂ ತಪ್ಪದ ವ್ರತ.

"ಪೋಸ್ಟಿಗೆ ಹಾಕೀಯೇನು?" ಎಂದರು ಆಚಾರ್ಯರು. ದನಿ ಮೊದಲ ಸಲ ಸಣ್ಣದಾಗಿತ್ತು.

"ಮುಂಜಾನೆ ಕೊಟ್ಟೆ. ಮೂರೂವರಿಗೆ ಟಪಾಲಿನ ಥೈಲಿ ಹೋಗ್ತದ."

ಗೋಡೆಯ ಗಡಿಯಾರದಲ್ಲಿ ಎರಡೂವರೆ ಆಗಿತ್ತು. ಆಚಾರ್ಯರು ತಮ್ಮ ಕಾರ್ಡನ್ನು ತಿರುಗಿ ಅವನ ಕೈಯಲ್ಲಿಟ್ಟರು. "ಇದನ್ನೂ ತಗೊಂಡು ಹೋಗು. ಸರಿಯಾದವರ ಸಂಗಾಟ ಬರಲಿ. ಹರಿ ಇದ್ದಾನ, ಜಲ್ದಿ ನಡಿ."

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಅಂಚೆ ಕಚೇರಿಗೆ ಫೋನು ಮಾಡಿದ. ಗಂಟೆ ಹೊಡೆದುಕೊಂಡೇ ಹೋಯಿತು, ಯಾರೂ ಎತ್ತಲಿಲ್ಲ. ಬಸ್ಸು ಐದು ನಿಮಿಷ ತಡವಾಗಿ ಹೊರಟಿತು. ಗೋಪಾಲ ಕಂಬಿ ಹಿಡಿದು ನಿಂತೇ ಇದ್ದ. ಎರಡೂ ಕಡೆ ತೊಗರಿ ಕೊಯ್ದ ಹೊಲಗಳು, ಬಿಸಿಲಿಗೆ ಮಿನುಗುವ ಪರಸಿ ಹಾಸುಗಲ್ಲಿನ ರಾಶಿಗಳು. ಕಂಡಕ್ಟರು, "ಕುಂದ್ರಿ ರಾಯರೆ, ನಿಂತ್ರ ಬಸ್ಸು ಜೋರ ಓಡಂಗಿಲ್ಲ," ಎಂದ. ಗೋಪಾಲನಿಗೆ ಕೂರಲಾಗಲಿಲ್ಲ.

ಮೂರು ದಿನ ಆ ಬೂದು ಪೆಟ್ಟಿಗೆಯನ್ನು ಅವನು ಮನಸ್ಸಿನಲ್ಲೇ ಬೈದಿದ್ದ. ಪಾಪ, ಅದು ತನಗೆ ತಿಳಿಯದ್ದನ್ನು ತಿಳಿಯದೆಂದು ಹೇಳಿ ನಿಂತಿತ್ತು. ಅದರ ಬಾಯಿ ಮುಚ್ಚಿಸಿ ಮುಂದೆ ದಬ್ಬಿದವನು ತಾನು. ಸುಮ್ಮನಾದದ್ದನ್ನೇ ಸರಿಯಾಯಿತೆಂದು ತಿಳಿದಿದ್ದ. ತುಟಿಯೊಳಗೇ ಹರಿನಾಮ ಎಣಿಸುತ್ತ ಹೋದವನಿಗೆ ಎಣಿಕೆ ಎರಡು ಸಲ ತಪ್ಪಿತು.

ಮಳಖೇಡದ ಕ್ರಾಸಿನಲ್ಲಿ ಇಳಿದಾಗ ಮೂರೂ ನಲವತ್ತು. ಎದುರಿನಿಂದ ವಾಡಿಯ ಬಸ್ಸು ಬಂದು ನಿಂತಿತ್ತು. ಅದರ ಬಾಗಿಲಲ್ಲಿ, ಸೀಲು ಹಾಕಿದ ಖಾಕಿ ಥೈಲಿಯನ್ನು ಅಂಚೆಯ ಪೇದೆ ಡ್ರೈವರನ ಹಿಂದಕ್ಕೆ ತೂರುತ್ತಿದ್ದುದು ಕಂಡಿತು. ಗೋಪಾಲ ಧೋತರದ ಚುಂಗು ಹಿಡಿದು ಓಡಿದ. ಕೂಗಿದ. ಬಸ್ಸು ಹೊಗೆ ಬಿಟ್ಟು ಹೊರಟೇಹೋಯಿತು. ಸಂಜೆಗೆ ವಾಡಿ ಜಂಕ್ಷನ್. ಅಲ್ಲಿಂದ ರೈಲು, ಬಸ್ಸು, ಸೈಕಲ್ಲು ಹತ್ತಿ ಕಾರ್ಡುಗಳು ಸುತ್ತಲಿನ ಊರಿಗೆಲ್ಲ ಹರಡಿಬಿಡುತ್ತವೆ.

ಕಾಲು ಎಳೆದುಕೊಂಡು ಅಂಚೆ ಕಚೇರಿಗೆ ಬಂದ. ಅಬ್ದುಲ್ ಗನಿ ಒಬ್ಬನೇ ಕೂತು ಮಸಿಯ ಪ್ಯಾಡನ್ನು ಬಟ್ಟೆಯಿಂದ ಒರೆಸುತ್ತಿದ್ದ.

"ಯಾಕ್ರಿ ರಾಯರೆ, ಹುಲಿ ಬೆನ್ನ ಹತ್ತಿದವರಂಗ ಬಂದ್ರಿ? ಬರ್ರಿ, ಕುಂದ್ರಿ. ಮೊದಲ ನೀರು ಕುಡೀರಿ."

ಗೋಪಾಲ ತಂಬಿಗೆಯೆತ್ತಿ ಗಟಗಟ ಕುಡಿದ. "ಗನಿಸಾಬ್ರೆ... ಥೈಲಿ ಹೋತು."

"ಹೋತು. ನಾನs ಸೀಲ್ ಹಾಕಿ ಕಳಿಸೀನಿ."

"ಕಾರ್ಡು..."

"ಕಾರ್ಡು ಹೋಗಿಲ್ಲ."

ಗೋಪಾಲ ಅವನ ಮುಖವನ್ನೇ ನೋಡಿದ. ಅಬ್ದುಲ್ ಗನಿ ಕಾಲಿನಿಂದ ಮೇಜಿನ ಕೆಳಗಿನ ಮರದ ತಟ್ಟೆಯನ್ನು ಮುಂದಕ್ಕೆ ದಬ್ಬಿದ. ಕಟ್ಟು ಎರಡು ಭಾಗವಾಗಿ ಅದರೊಳಗಿತ್ತು. "ಸಿಟ್ಟಾಗಬ್ಯಾಡ್ರಿ. ಎಂಬತ್ತಕ್ಕ ಠಸ್ಸೆ ಹೊಡದೆ, ವ್ಯಾಳ್ಯಾ ಮುಗೀತು. ಆಚಾರ್ರ ಕಾರ್ಡಿನ ಮ್ಯಾಲ ದೇವರ ಹೆಸರು ಇರ್ತದಲ್ರಿ, ಸರಿಯಾಗಿ ಠಸ್ಸೆ ಬೀಳೋ ಜಾಗಾದಾಗ. ಕರೀ ಮಸಿ ಅದರ ಮ್ಯಾಲ ಬೀಳಬಾರದಂತ ನಾ ಸೇಡಮ್ಮಿನ ಆಫೀಸಿನ್ಯಾಗ ಇದ್ದಾಗಿಂದ ಹೆಬ್ಬಟ್ಟು ಅಡ್ಡ ಇಟ್ಟು ಒಂದೊಂದs ಒತ್ತತೀನಿ. ನಿಮ್ಮ ಮಷೀನು ಒಂದು ಸಂಜಿಗಿ ಮುನ್ನೂರು ಬರದು ಒಗೀತದ. ನನಗ ಅದಕ್ಕ ಇರೋದು ಇದೊಂದs ಹೆಬ್ಬಟ್ಟು." ಎಡಗೈ ಎತ್ತಿ ತೋರಿಸಿದ. ಹೆಬ್ಬೆರಳಿನ ಉಗುರಿನ ಮೇಲೆ ಮಸಿ ಎಳೆಯ ಚಂದ್ರನಂತೆ ಬಾಗಿ ಕೂತಿತ್ತು. "ಅರ್ಧಾ ಕಳಸಿದ್ರ ಒಂದು ಮನಿಗಿ ಬಂತು, ಇನ್ನೊಂದು ಮನಿಗಿ ಬರಲಿಲ್ಲ ಅಂತ ಮಂದಿ ಆಚಾರ್ರಿಗಿ ತಕಲೀಫ್ ಕೊಡ್ತಾರ. ಸೋಮವಾರ ಎಲ್ಲಾ ಕೂಡಿ ಹೋಗ್ಲಿ ಅಂತ ಇಟ್ಟೀನ್ರಿ."

ಗೋಪಾಲ ಬೆಂಚಿನ ಮೇಲೆ ಕೂತ. ಕೂತವನಿಗೆ ನಗು ಬಂತು. ನಗುತ್ತಲೇ ಕಣ್ಣು ಒದ್ದೆಯಾಯಿತು. ಅದನ್ನು ಬಸ್ಸಿನ ಧೂಳಿನ ಮೇಲೆ ಹಾಕಿ ಧೋತರದಿಂದ ಒರೆಸಿಕೊಂಡ. ನಡೆದದ್ದನ್ನು ತಡವರಿಸುತ್ತ ಹೇಳಿದ. ಅಬ್ದುಲ್ ಗನಿ ಗಡ್ಡ ತುರಿಸುತ್ತ ಕೇಳಿಸಿಕೊಂಡ.

"ಅಂದ್ರ ನಿಮ್ಮದು ಹದಿಮೂರನೇ ತಿಂಗಳು ನಡುವ ಹೊಕ್ಕು ಘೋಟಾಳಾ ಮಾಡ್ತು. ನಮ್ಮಲ್ಲಿ ಆ ಕಿರಿಕಿರೀನs ಇಲ್ರಿ. ಹನ್ನೆರಡಂದ್ರ ಹನ್ನೆರಡು. ಅದಕ್ಕs ನಮ್ಮ ರಮಜಾನ್ ಒಮ್ಮಿ ಬ್ಯಾಸಗ್ಯಾಗ, ಒಮ್ಮಿ ಮಳಿಗಾಲದಾಗ, ಒಮ್ಮಿ ಥಂಡ್ಯಾಗ ತಿರಗತದ."

"ನಮ್ಮದು ತಿರಗಬಾರದಂತ ಒಂದು ತಿಂಗಳು ಹೆಚ್ಚಿಗಿ ಹಾಕ್ಯಾರ, ಗನಿಸಾಬ್ರೆ."

"ಇರೋದು ಒಬ್ಬs ಚಂದಮಾಮ. ಎಷ್ಟು ಮಂದಿಗಂತ ಲೆಕ್ಕಾ ಒಪ್ಪಿಸ್ತಾನ!" ಎಂದು ಅಬ್ದುಲ್ ಗನಿ ಬಿಳಿ ಹಾಳೆಯೊಂದನ್ನು ಮುಂದಿಟ್ಟ. "ಹೋಗ್ಲಿ, ನನ್ನ ಕೈಗಿ ಬಂದ ಮ್ಯಾಲ ಇದು ಸರ್ಕಾರದ ಮಾಲು. ವಾಪಸ್ ಬೇಕಂದ್ರ ಅರ್ಜಿ ಬರೀರಿ. ಕಾರಣಾ ಏನಂತ ಬರೀತೀರಿ?"

ಗೋಪಾಲ ಪೆನ್ನು ಹಿಡಿದು ಯೋಚಿಸಿದ. ಕೊನೆಗೆ ಬರೆದ: 'ಕಳಿಸುವವನ ತಪ್ಪು.' ಅಬ್ದುಲ್ ಗನಿ ಓದಿ, ಮಡಿಚಿ, ಫೈಲಿಗೆ ಸೇರಿಸಿದ.

ಭಾನುವಾರ ಗೋಪಾಲ ಯಂತ್ರದ ಮುಂದೆ ಹೋಗಲೇ ಇಲ್ಲ. ಪೂಜೆ ಮುಗಿಸಿ, ಮಾವನ ನಾಲ್ಕು ಪುಸ್ತಕಗಳನ್ನು ಮತ್ತೆ ಬಿಡಿಸಿ, ಮೊದಲಿನಿಂದ ಓದಿದ. ಹೋದ ಸಲ ಅವನ್ನು ತುಂಬುವಾಗ ಬರಿಯ ಅಂಕಿಗಳನ್ನಷ್ಟೇ ನೋಡಿದ್ದ. ಈಗ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದೆಲ್ಲ ಕಾಣತೊಡಗಿತು. ಒಂದು ಹೆಸರಿನ ಮುಂದೆ 'ಅಧಿಕ' ಎಂದಿತ್ತು. ಇನ್ನೊಂದರ ಮುಂದೆ 'ಮಗ ಒಬ್ಬನೇ, ಎರಡು ವಾರ ಮೊದಲೇ ತಿಳಿಸುವುದು' ಎಂದಿತ್ತು. ಐನಾಪುರದ ಒಂದು ಮನೆಯ ಮುಂದೆ, 'ಓದು ಬಾರದು. ಮಾಸ್ತರರ ಹೆಸರಿಗೆ ಕಳಿಸುವುದು.' ಮುನ್ನೂರ ಹನ್ನೆರಡು ಸಾಲುಗಳಿಗೆ ಒಂದೊಂದು ಬಾಗಿಲು, ಒಂದೊಂದು ಹೊಸ್ತಿಲು ಮೂಡಿದಂತಾಯಿತು.

ಸೋಮವಾರ ಸಂಜೆ ಕೆಲಸಕ್ಕೆ ಕೂತ. ತಿಂಗಳಿಗೆ ಅಂಕಿ ಕೊಡುವುದನ್ನೇ ಬಿಟ್ಟ. ಚೈತ್ರ ಎಂದರೆ ಚೈತ್ರ, ಕಾರ್ತಿಕ ಎಂದರೆ ಕಾರ್ತಿಕ. ಯಂತ್ರ ಇನ್ನು ಮೇಲೆ ಹೆಸರು ಹಿಡಿದೇ ಹುಡುಕಬೇಕು. ಯಾರು ಎಷ್ಟನೆಯ ಮಣೆಯ ಮೇಲೆ ಕೂತರೂ ಹೆಸರು ಹೇಳಿ ಕರೆದರೆ ಅವರೇ ಓಗೊಡುತ್ತಾರೆ. ಅಧಿಕದಲ್ಲಿ ಹೋದವರಿಗೆ ಬೇರೆ ಒಂದು ಅಂಕಣ ಮಾಡಿದ. ಆ ತಿಂಗಳು ಅಧಿಕವಾಗಿ ಬಂದ ವರ್ಷ ಅದರಲ್ಲಿ, ಇಲ್ಲದ ವರ್ಷ ನಿಜದಲ್ಲಿ. ಒಂದು ಕಡೆ ಚಿಹ್ನೆ ಮರೆತದ್ದಕ್ಕೆ ಬೂದು ಪೆಟ್ಟಿಗೆ ಮತ್ತೆ ಬಂತು. ಈ ಸಲ ಅವನು ಬೈಯಲಿಲ್ಲ. ಬಾಗಿಲಿಗೆ ಬಂದವರ ಮಾತು ಕೇಳುವಂತೆ ಪೂರಾ ಓದಿ, ನಿಧಾನವಾಗಿ ಸರಿಮಾಡಿದ.

ಗುಂಡಿ ಒತ್ತುವ ಮೊದಲು ಪಟ್ಟಿಯ ಮೇಲ್ಗಡೆ ಇನ್ನೂ ನಾಲ್ಕು ಸಾಲು ಸೇರಿಸಿದ. ಗಣಪತಿ, ಅನಂತನ ಹುಣ್ಣಿಮೆ, ಮಹಾನವಮಿ, ಎಳ್ಳಮಾವಾಸ್ಯೆ.

"ಇವ್ಯಾಕ್ರಿ? ಹಬ್ಬಕ್ಕೂ ಕಾರ್ಡು ಕಳಸ್ತೀರೇನು?" ಎಂದಳು ಬಾಗಿಲಲ್ಲಿ ಬಂದು ನಿಂತ ಪ್ರಮಿತಾ.

"ಸಾಕ್ಷಿದಾರರು ತಾಯಿ. ಇವರು ಸರಿಯಾದ ದಿನಾ ಹೇಳಿದ್ರ ಉಳದವರನ್ನ ನಂಬೋದು. ನಮ್ಮ ಮಾಮಿ ಕಲಿಸಿಕೊಟ್ಟಳು."

"ನಿಮ್ಮ ಮಾಮಿ ಎಲ್ಲಿ ಕಲ್ತಾರ್ರಿ ಕಂಪ್ಯೂಟರು?"

"ಬತ್ತಿ ಹೊಸಕೋತ," ಎಂದ ಗೋಪಾಲ.

ಗುಂಡಿ ಒತ್ತಿದ. ಗಣಪತಿ ಹದಿನೆಂಟು ಸೆಪ್ಟೆಂಬರಿಗೆ ಬಂದು ಕೂತ. ಹತ್ತು ದಿನಕ್ಕೆ ಅನಂತನ ಹುಣ್ಣಿಮೆ. ಅದರ ಬೆನ್ನಿಗೆ, ಅಕ್ಟೋಬರಿನ ಮೊದಲ ವಾರದಲ್ಲಿ, ಚಿಂಚೋಳಿಯ ಜಾನಕೀಬಾಯಿಯವರ ತಂದೆ ಅವಸರವಿಲ್ಲದೆ ಬಂದರು. ಗೋಪಾಲ ಉಳಿದ ಸಾಲುಗಳನ್ನೂ ಪಂಚಾಂಗದೊಂದಿಗೆ ಒಂದೊಂದಾಗಿ ತಾಳೆ ನೋಡಿದ. ಅದಕ್ಕೆ ಎರಡು ಸಂಜೆ ಹಿಡಿಯಿತು. ಮ್ಯಾಕ್ರೊದ ತುದಿಯಲ್ಲಿ, ಯಂತ್ರ ಓದದೆ ಬಿಡುವ ಹಾಗೆ ಗುರುತು ಹಾಕಿ, ಒಂದು ಸಾಲು ಬರೆದ. ಮುಂದೆ ಈ ಕೆಲಸ ಯಾರ ತೊಡೆಯ ಮೇಲೆ ಬರುವುದೋ, ಅವರು ಓದಲಿ ಎಂದು: 'ಗಣಪತಿಯನ್ನು ಕೇಳದೆ ಕಾರ್ಡು ಕಳಿಸಬಾರದು.'

ಬುಧವಾರ ಬೆಳಿಗ್ಗೆ ಹೊಸ ಕಟ್ಟು ಅಬ್ದುಲ್ ಗನಿಯ ಮೇಜಿಗೆ ಬಂತು. ಅದರೊಳಗೆ ಆಚಾರ್ಯರ ಕಾರ್ಡೂ ಇತ್ತು. "ಈಗ ಬರಾಬರ್ ಅದ ಅಲ್ರಿ?" ಎಂದು ಅವನು ಕೇಳಿದ. "ಬರಾಬರ್," ಎಂದ ಗೋಪಾಲ. ಅಬ್ದುಲ್ ಗನಿ ಪ್ಯಾಡಿಗೆ ಎರಡು ಹನಿ ಮಸಿ ಬಿಟ್ಟು, ಅಂಗಿಯ ತೋಳು ಮಡಿಚಿ, ಹೆಬ್ಬೆರಳನ್ನು ಮೊದಲ ಕಾರ್ಡಿನ ಮೇಲಿಟ್ಟ.

ಯುಗಾದಿಯ ದಿನ ಗೋಪಾಲ ಸೇಡಮ್ಮಿಗೆ ಹೋಗಿ ಇಬ್ಬರಿಗೂ ನಮಸ್ಕಾರ ಮಾಡಿದ. ಜಾನಕೀಬಾಯಿ ಬೇವು ಬೆಲ್ಲ ಕೊಟ್ಟರು. ಚಿಂಚೋಳಿಯ ತಮ್ಮನಿಗೂ, ವಾಡಿಯ ಗಾರ್ಡಿಗೂ ಕಾರ್ಡು ಮುಟ್ಟಿದ ಸುದ್ದಿ ಅವನಿಗಿಂತ ಮೊದಲೇ ಆ ಮನೆಗೆ ಬಂದಿತ್ತು.

"ನಂದೂ ನಿನ್ನೆ ಬಂತಪಾ," ಎಂದು ಆಚಾರ್ಯರು ದೇವರ ಗೂಡಿನ ಕಡೆ ಕೈ ಮಾಡಿದರು. ಜಾನಕೀಬಾಯಿ ಕಾರ್ಡನ್ನು ತಂದು ಅವರ ಕೈಗೆ ಕೊಟ್ಟರು. ಆಚಾರ್ಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಾರ್ಡು ಸಣ್ಣಗೆ ಅದುರುತ್ತಿತ್ತು. ಅಂಚೆಯ ದುಂಡನೆಯ ಕರಿಯ ಠಸ್ಸೆ ಒಂದು ಬದಿಗೆ ಕಡಿದುಹೋಗಿ, ಚೌತಿಯ ಆಚೆಗಿನ ಚಂದ್ರನಂತೆ ಅರೆಯಾಗಿತ್ತು. ಕಡಿದುಹೋದ ಜಾಗದಲ್ಲಿ ಬೆರಳಿನಗಲದ ಬಿಳುಪು. ಬಿಳುಪಿನ ನಡುವೆ 'ಶ್ರೀಃ'.

ಗೂಡಿನ ಪಕ್ಕದ ಮೊಳೆಗೆ ಹಳೆಯ ಕಾರ್ಡುಗಳ ತಂತಿ ತೂಗುತ್ತಿತ್ತು. ಜಾನಕೀಬಾಯಿ ತಂತಿಯನ್ನು ಇಳಿಸಿ, ಕಾರ್ಡನ್ನು ತೆಗೆದುಕೊಂಡು, ಚುಚ್ಚಲು ಜಾಗ ಹುಡುಕಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ಆ ಬಿಳುಪಿನ ಮೇಲೆ ಅಡ್ಡ ಇಟ್ಟು, ತಂತಿಯ ಮೊನೆಯನ್ನು ಮೆಲ್ಲಗೆ ಪಕ್ಕದಲ್ಲಿ ಇಳಿಸಿದರು.